ಹಾಕಿ ಆಡಿದ್ರೆ ಕಾಲೇಜು ಸೀಟು ಸಿಗುತ್ತಾ? ಕುಕ್ಕುವಾಡದ ಅಪ್ಪ-ಅಮ್ಮ ಮೊದಲೇ ತಿಳ್ಕೋಬೇಕಾದ ಲೆಕ್ಕ

ಕುಕ್ಕುವಾಡ: ಮೊನ್ನೆ ಇಲ್ಲಿ ಚಹಾ ಕುಡೀತಾ ನಿಂತಿದ್ದಾಗ ಕಿರಾಣಿ ಅಂಗಡಿಯ ಅಣ್ಣ ಒಬ್ರು ಕರೆದು ಕೇಳಿದ್ರು. "ತಮ್ಮಾ, ನೀನು ನ್ಯೂಸ್‌ನೋನು ಅಲ್ಲೇನು? ನಮ್ ಹುಡುಗಿ ಏಳನೇ ಕ್ಲಾಸು. ಓಟದಾಗೆ ಯಾವಾಗ್ಲೂ ಮುಂದೆ. ಹಾಕಿಗೆ ಸೇರಿಸಿದ್ರೆ ಮುಂದೆ ಕಾಲೇಜ್ ಸೀಟು ಸಲೀಸಾಗಿ ಸಿಗುತ್ತಂತೆ, ಕಾಂಪಿಟೇಶನ್ನೇ ಇಲ್ವಂತೆ. ಖರೇನಾ?"

ಹೌದು ಅಂದ್ರೂ ಸುಳ್ಳಾಗುತ್ತೆ, ಇಲ್ಲ ಅಂದ್ರೂ ಸುಳ್ಳಾಗುತ್ತೆ. ಅದಕ್ಕೆ ಆ ಅಣ್ಣನಿಗೆ ಅಲ್ಲೇ ನಿಂತು ಉತ್ತರ ಹೇಳೋಕೆ ಆಗ್ಲಿಲ್ಲ. ಈ ಬರಹವೇ ಆ ಉತ್ತರ. ನಿಮ್ಮ ಮನೆಯಲ್ಲೂ ಐದರಿಂದ ಹತ್ತನೇ ಕ್ಲಾಸಿನೊಳಗಿನ ಮಕ್ಕಳಿದ್ರೆ, ಅವರಿಗೆ ಆಟದ ಹುಚ್ಚಿದ್ರೆ, ಒಂದ್ಸಲ ಪೂರ್ತಿ ಓದಿ.

ತಾಲೂಕಲ್ಲಿ ಬಾಗಿಲು ಅಗಲ, ಮೇಲೆ ಹೋದಂಗೆಲ್ಲ ಇಕ್ಕಟ್ಟು

ನಮ್ಮ ಕಡೆ ಆಟ ಅಂದ್ರೆ ಕುಸ್ತಿ, ಕಬಡ್ಡಿ, ವಾಲಿಬಾಲ್, ಆಮೇಲೆ ಕ್ರಿಕೆಟ್. ದಾವಣಗೆರೆ ಅಂದ್ರೆ ವೇಗದ ಬೌಲರ್ ವಿನಯ್ ಕುಮಾರ್ ಹೆಸರು ಎಲ್ಲರ ಬಾಯಲ್ಲೂ ಬರುತ್ತೆ. ಹಾಕಿ ಆಟಗಾರರ ಹೆಸರು ಹಂಗೆ ತಟ್ಟನೆ ಬರಲ್ಲ. ಹಾಕಿ ತಂಡ ಕಟ್ಟೋ ಶಾಲೆ ಕಡಿಮೆ ಇದ್ದ ಕಡೆ ತಾಲೂಕು, ಜಿಲ್ಲೆ ಮಟ್ಟದಲ್ಲಿ ಎದುರಾಳಿಗಳೂ ಕಡಿಮೆ. "ಕಾಂಪಿಟೇಶನ್ ಇಲ್ಲ" ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದಲೇ. ಅಷ್ಟರಮಟ್ಟಿಗೆ ಅದು ನಿಜ.

ಆದರೆ ಜಿಲ್ಲೆ ದಾಟಿದ ಮೇಲೆ ಕಥೆ ಬೇರೆ. ಶಾಲಾ ಕ್ರೀಡಾಕೂಟದಲ್ಲಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ನಾಲ್ಕು ಮೆಟ್ಟಿಲು. ದಾವಣಗೆರೆ ಜಿಲ್ಲೆ ಇರೋದು ಬೆಂಗಳೂರು ವಿಭಾಗದಲ್ಲಿ. ಅಂದ್ರೆ ಮೂರನೇ ಮೆಟ್ಟಿಲಲ್ಲೇ ರಾಜಧಾನಿಯ ಮಕ್ಕಳು ಎದುರಾಗ್ತಾರೆ. ಅವರನ್ನ ದಾಟಿದ್ರೆ ಮೈಸೂರು ವಿಭಾಗದಿಂದ ಬರೋ ಕೊಡಗಿನ ಮಕ್ಕಳು.

ಕೊಡಗಿನ ವಿಷಯ ಸ್ವಲ್ಪ ಹೇಳ್ಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ಶುರು ಮಾಡಿದ್ರು. ಆಗ ಬಂದಿದ್ದು 60 ಕುಟುಂಬದ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ತಂಡ ಬಂದು ಗಿನ್ನೆಸ್ ದಾಖಲೆ ಆಯ್ತು. ಅಲ್ಲಿ ಮಕ್ಕಳು, ಹೆಂಗಸರು, ವಯಸ್ಸಾದೋರು ಎಲ್ಲ ಒಂದೇ ತಂಡದಲ್ಲಿ ಸ್ಟಿಕ್ ಹಿಡೀತಾರೆ. ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಆಮೇಲಿನ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್ ಎಲ್ಲ ಕೊಡಗಿನ ನಂಟಿರೋರು. 2012 ಮತ್ತು 2016ರ ಒಲಿಂಪಿಕ್ಸ್ ಆಡಿದ ಎಸ್.ವಿ. ಸುನಿಲ್ ಸೋಮವಾರಪೇಟೆಯೋರು.

ನಮ್ಮ ಹುಡುಗಿ ರಾಜ್ಯ ಮಟ್ಟಕ್ಕೆ ಹೋದಾಗ ಎದುರಿಗೆ ನಿಲ್ಲೋದು ಇಂಥ ವಾತಾವರಣದಲ್ಲಿ ಬೆಳೆದ ಮಕ್ಕಳು. ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಕೆಳಗೆ ಸುಲಭ ಅಂತ ನಂಬಿ ತಯಾರಿ ಇಲ್ಲದೆ ಮೇಲೆ ಹೋದ್ರೆ ಒಂದೇ ಮ್ಯಾಚಿಗೆ ಬಸ್ ಹತ್ತಿ ವಾಪಸ್ ಬರಬೇಕಾಗುತ್ತೆ, ಅಷ್ಟೇ.

ಒಬ್ಬಳೇ ಓಡಿದ್ರೆ ಆಗಲ್ಲ, ಹನ್ನೊಂದು ಜನ ಬೇಕು

ಓಟದಲ್ಲಿ ಒಬ್ಬ ಹುಡುಗಿ ಒಬ್ಬಳೇ ಗೆದ್ದು ರಾಜ್ಯಕ್ಕೆ ಹೋಗಬಹುದು. ಕುಸ್ತಿಯಲ್ಲೂ ಹಂಗೇ. ಹಾಕಿಯಲ್ಲಿ ಮೈದಾನಕ್ಕೆ ಇಳಿಯೋಕೇ 11 ಜನ ಬೇಕು, ಹೊರಗೆ ಇನ್ನಷ್ಟು ಜನ ಕಾಯ್ತಿರಬೇಕು. ನಿಮ್ಮ ಮಗಳು ಎಷ್ಟೇ ಚೆನ್ನಾಗಿ ಆಡ್ಲಿ, ಅವಳ ಶಾಲೆಯಿಂದ ತಂಡವೇ ಹೋಗಲಿಲ್ಲ ಅಂದ್ರೆ ಅವಳನ್ನ ನೋಡೋರು ಯಾರು?

ಇದಕ್ಕೆ ಒಂದು ಉದಾಹರಣೆ ನಮ್ಮೂರಿಗೆ ಹೊಂದೋ ಹಂಗಿದೆ. ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಶಾಹಬಾದ್ ಅಂತ ಒಂದು ಸಣ್ಣ ಪಟ್ಟಣ. ಕುಕ್ಕುವಾಡದ ಥರಾನೇ ಅಲ್ಲೂ ಒಂದು ಸಕ್ಕರೆ ಕಾರ್ಖಾನೆ ಇದೆ, ಸುತ್ತ ಕಬ್ಬು. ಅಲ್ಲಿ ಬಲದೇವ್ ಸಿಂಗ್ ಅನ್ನೋ ಕೋಚ್ ವರ್ಷಗಟ್ಟಲೆ ಹುಡುಗಿಯರಿಗೆ ಹಾಕಿ ಹೇಳಿಕೊಟ್ರು. ಗಾಡಿ ಎಳೆದು ಮನೆ ನಡೆಸ್ತಿದ್ದೋರ ಮಗಳು ರಾಣಿ ರಾಂಪಾಲ್ ಅಲ್ಲೇ ಕಲಿತಿದ್ದು. ಹದಿನೈದನೇ ವಯಸ್ಸಿಗೆ, 2010ರಲ್ಲಿ, ವಿಶ್ವಕಪ್ ಆಡಿದ್ರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಭಾರತ ತಂಡದ ನಾಯಕಿ ಅವರೇ. ಅದೇ ಊರಿಂದ ಇನ್ನೂ ಎಷ್ಟೋ ಹುಡುಗಿಯರು ದೇಶಕ್ಕೆ ಆಡಿದಾರೆ.

ಆ ಊರಲ್ಲಿ ಇದ್ದಿದ್ದು ಮೂರೇ: ಒಂದು ಮೈದಾನ, ಊರು ಬಿಟ್ಟು ಹೋಗದ ಒಬ್ಬ ಕೋಚ್, ದಿನಾ ಬರೋ ಒಂದಷ್ಟು ಮಕ್ಕಳು. ಒಬ್ಬ ರಾಣಿ ಬರಬೇಕಾದ್ರೆ ಅವಳ ಜೊತೆ ಆಡೋಕೆ ಇನ್ನೂ ಇಪ್ಪತ್ತು ಹುಡುಗಿಯರು ಇರಬೇಕು.

ಎಂಟನೇ ಕ್ಲಾಸೇ ಮೊದಲ ಬಾಗಿಲು

"ಪಿಯುಸಿ ಮುಗೀಲಿ, ಆಮೇಲೆ ಕೋಟಾ ನೋಡೋಣ" ಅನ್ನೋರು ಬಹಳ. ಅಲ್ಲಿಗೆ ತಡ ಆಗಿರುತ್ತೆ. ಹಾಕಿಯಲ್ಲಿ ಕಾಲೇಜು ಸೀಟಿನ ಪೈಪೋಟಿ ನಿಜವಾಗಿ ಶುರುವಾಗೋದು ಎಂಟನೇ ಕ್ಲಾಸಿನ ಹೊತ್ತಿಗೆ.

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ಶಾಲೆ, ಕ್ರೀಡಾ ನಿಲಯಗಳನ್ನ ನಡೆಸುತ್ತೆ. ಊಟ, ವಸತಿ, ಓದು, ತರಬೇತಿ ಎಲ್ಲ ಸರ್ಕಾರದ್ದೇ. ಹಾಕಿಗೆ ಹೆಸರಾಗಿರೋದು ಕೊಡಗಿನ ಕೂಡಿಗೆ, ಪೊನ್ನಂಪೇಟೆ. ಚಿಕ್ಕ ಮಕ್ಕಳನ್ನ ಮುಖ್ಯವಾಗಿ ತಗೊಳ್ಳೋದು ಎಂಟನೇ ತರಗತಿಗೆ, ದೊಡ್ಡೋರನ್ನ ಪಿಯುಸಿಗೆ ಮತ್ತು ಪದವಿಗೆ. ಪಿಯುಸಿ ಹೊತ್ತಿಗೆ ಹೋದ್ರೆ ಆಗಲೇ ಮೂರ್ನಾಲ್ಕು ವರ್ಷ ಟರ್ಫ್ ಮೇಲೆ ಆಡಿರೋ ಮಕ್ಕಳ ಜೊತೆ ನಿಮ್ಮ ಮಗುವನ್ನ ಅಳೀತಾರೆ. ಎಂಟನೇ ಕ್ಲಾಸಿಗೆ ಹಂಗಲ್ಲ. ಅಲ್ಲಿ ಓಟ, ನಿಂತಲ್ಲಿಂದ ಉದ್ದ ಜಿಗಿತ, ಎತ್ತರ, ಮೈಯ ಚುರುಕು ಇವಕ್ಕೆ ತೂಕ ಜಾಸ್ತಿ. ಓಟದಲ್ಲಿ ಮುಂದಿರೋ ಹಳ್ಳಿ ಮಗುವಿಗೆ ಸಮಾನ ಅವಕಾಶ ಸಿಗೋದು ಅಲ್ಲೇ.

ಆಯ್ಕೆಯ ಪ್ರಕಟಣೆ ಬರೋದು ಶಾಲೆ ವರ್ಷ ಮುಗಿಯೋಕೆ ಮುಂಚೆ. ಜೂನ್‌ನಲ್ಲಿ ಹೋಗಿ ಕೇಳಿದ್ರೆ ಮುಗಿದಿರುತ್ತೆ. ದಾವಣಗೆರೆಯಲ್ಲಿರೋ ಇಲಾಖೆಯ ಜಿಲ್ಲಾ ಕಚೇರಿಗೆ ದಸರಾ ಕಳೆದ ಮೇಲೆ ಆಗಾಗ ಹೋಗಿ ವಿಚಾರಿಸ್ತಾ ಇರಿ. ಶಾಲೆಯ ಪಿ.ಟಿ. ಮೇಷ್ಟ್ರಿಗೂ ಹೇಳಿಟ್ಟಿರಿ.

ಗಂಡು ಮಕ್ಕಳಿಗೆ ಇನ್ನೊಂದು ದಾರಿ ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿ. 8ರಿಂದ 14 ವರ್ಷದೊಳಗಿನ ಹುಡುಗರನ್ನ ತಗೊಂಡು ಓದಿಸಿ ಆಟ ಕಲಿಸ್ತಾರೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ಸ್ ಸೆಂಟರ್‌ನಲ್ಲಿ ಹಾಕಿಗೆ ಇಂಥ ಕಂಪನಿ ಇದೆ.

ಇನ್ನೂ ಮೇಲಿನ ಹಂತ ಅಂದ್ರೆ ಕೇಂದ್ರದ ಖೇಲೋ ಇಂಡಿಯಾ. ಅದರಲ್ಲಿ ಆಯ್ಕೆಯಾದ ಕ್ರೀಡಾಪಟು ಮೇಲೆ ವರ್ಷಕ್ಕೆ 6.28 ಲಕ್ಷ ರೂಪಾಯಿ ಖರ್ಚು ಮಾಡೋ ಲೆಕ್ಕ ಯೋಜನೆಯಲ್ಲಿದೆ. ಅದರಲ್ಲಿ ತಿಂಗಳಿಗೆ 10 ಸಾವಿರದಂತೆ 1.20 ಲಕ್ಷ ಕೈಖರ್ಚಿನ ಹಣ.

ವಯಸ್ಸಿನ ವಿಷಯದಲ್ಲಿ ಒಂದು ಮಾತು. "ಒಂದೆರಡು ವರ್ಷ ಕಮ್ಮಿ ಬರೆಸಿಬಿಡಿ" ಅಂತ ಹೇಳೋರು ಸಿಗ್ತಾರೆ. ಕೇಳಬೇಡಿ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡೋ ಪರೀಕ್ಷೆ ಇದೆ. ಸಿಕ್ಕಿಬಿದ್ರೆ ಮಗುವಿನ ಆಟ ಅಲ್ಲಿಗೇ ನಿಲ್ಲುತ್ತೆ.

ಸರ್ಟಿಫಿಕೇಟ್ ಅಂದ್ರೆ ಎಲ್ಲವೂ ಸರ್ಟಿಫಿಕೇಟ್ ಅಲ್ಲ

ಇಲ್ಲಿ ನನ್ನ ಕಥೆ ಹೇಳ್ಬೇಕು. ನಾನು ವಾಲಿಬಾಲ್ ಆಡ್ತಿದ್ದೋನು. ಪಿಯುಸಿ ಮುಗಿಯೋ ಹೊತ್ತಿಗೆ ನನ್ನ ಹತ್ರ ಒಂದು ಫೈಲ್ ತುಂಬ ಸರ್ಟಿಫಿಕೇಟ್. ಜಾತ್ರೆ ಟೂರ್ನಿ, ಯುವಕ ಸಂಘದ ಟೂರ್ನಿ, "ರಾಜ್ಯ ಮಟ್ಟದ ಆಹ್ವಾನಿತ" ಟೂರ್ನಿ. ಚಿನ್ನದ ಬಣ್ಣದ ಅಕ್ಷರ, ದೊಡ್ಡೋರ ಸಹಿ. ಅದನ್ನ ಹಿಡ್ಕೊಂಡು ಒಂದು ಕಾಲೇಜಿಗೆ ಕ್ರೀಡಾ ಕೋಟಾದಲ್ಲಿ ಸೇರೋಕೆ ಹೋದೆ. ಅಲ್ಲಿ ಕೂತಿದ್ದೋರು ಒಂದೊಂದೇ ತಿರುವಿ ಹಾಕಿ ಕೊನೆಗೆ ಕೇಳಿದ್ದು ಒಂದೇ ಮಾತು: "ಇಲಾಖೆಯ ಕೂಟದ್ದು ಯಾವುದಿದೆ?" ಒಂದೂ ಇರಲಿಲ್ಲ. ಫೀಸು ಕಟ್ಟಿ ಬೇರೆ ಕಡೆ ಸೇರಿದೆ, ಎರಡನೇ ವರ್ಷಕ್ಕೆ ಬಿಟ್ಟೆ. ಬಿಟ್ಟಿದ್ದಕ್ಕೆ ಬೇರೆ ಕಾರಣಗಳೂ ಇದ್ವು. ಆದರೆ ಶಾಲೆಯಲ್ಲಿದ್ದಾಗಲೇ ಯಾರಾದ್ರೂ ಈ ಒಂದು ಪ್ರಶ್ನೆ ಕೇಳಿದ್ದಿದ್ರೆ ನಾನು ಜಾತ್ರೆ ಟೂರ್ನಿ ಬಿಟ್ಟು ಶಾಲಾ ಕೂಟಕ್ಕೆ ಹೋಗ್ತಿದ್ದೆ.

ಹಾಗಾಗಿ ಲೆಕ್ಕಕ್ಕೆ ಬರೋ ಕಾಗದ ಯಾವುದು ಅಂತ ಈಗಲೇ ತಿಳ್ಕೊಳ್ಳಿ. ಶಾಲೆ ಮಕ್ಕಳಿಗೆ ಶಿಕ್ಷಣ ಇಲಾಖೆ ನಡೆಸೋ ಕೂಟ, ಅದರ ಮೇಲೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಇದರಲ್ಲಿ 14, 17, 19 ವರ್ಷದೊಳಗಿನೋರು ಅಂತ ಮೂರು ಗುಂಪು. ಪಿಯುಸಿ ಮಕ್ಕಳಿಗೆ ಪದವಿಪೂರ್ವ ವಿಭಾಗದ ಕೂಟ. ಇನ್ನೊಂದು ಕಡೆ ಹಾಕಿ ಇಂಡಿಯಾ ನಡೆಸೋ ಸಬ್ ಜೂನಿಯರ್, ಜೂನಿಯರ್, ಸೀನಿಯರ್ ರಾಷ್ಟ್ರೀಯ ಪಂದ್ಯಾವಳಿ. ಅದಕ್ಕೆ ನಮ್ಮ ರಾಜ್ಯದ ತಂಡ ಆರಿಸೋದು ಹಾಕಿ ಕರ್ನಾಟಕ ಸಂಸ್ಥೆ.

ಕೇಂದ್ರ ಸರ್ಕಾರದ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕೋವಾಗ ಈ ಕಾಗದಗಳಿಗೆ ನಂಬರ್ ಇದೆ:

ಫಾರಂ 1: ದೇಶಕ್ಕೆ ಆಡಿದೋರಿಗೆ. ಸಹಿ ರಾಷ್ಟ್ರೀಯ ಫೆಡರೇಷನ್ ಕಾರ್ಯದರ್ಶಿಯದ್ದು.

ಫಾರಂ 2: ರಾಷ್ಟ್ರೀಯ ಪಂದ್ಯಾವಳಿಯಲ್ಲಿ ರಾಜ್ಯಕ್ಕೆ ಆಡಿದೋರಿಗೆ. ಸಹಿ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯದ್ದು.

ಫಾರಂ 3: ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ವಿಶ್ವವಿದ್ಯಾಲಯಕ್ಕೆ ಆಡಿದೋರಿಗೆ. ಸಹಿ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರದ್ದು.

ಫಾರಂ 4: ರಾಷ್ಟ್ರೀಯ ಶಾಲಾ ಕೂಟದಲ್ಲಿ ರಾಜ್ಯದ ಶಾಲಾ ತಂಡಕ್ಕೆ ಆಡಿದೋರಿಗೆ. ಸಹಿ ಶಿಕ್ಷಣ ಇಲಾಖೆಯಲ್ಲಿ ಶಾಲಾ ಕ್ರೀಡೆ ನೋಡಿಕೊಳ್ಳೋ ಅಧಿಕಾರಿಯದ್ದು.

ಯುವಕ ಸಂಘದ ಕಪ್ಪಿಗೆ ಈ ಪಟ್ಟಿಯಲ್ಲಿ ಜಾಗ ಇಲ್ಲ. ಅಂಥ ಟೂರ್ನಿ ಆಡಬೇಡಿ ಅಂತಲ್ಲ, ಆಡಿದ್ರೆ ಆಟ ಸುಧಾರಿಸುತ್ತೆ. ಆದರೆ ಇಲಾಖೆಯ ಕೂಟ ಇರೋ ದಿನಾನೇ ಇನ್ನೊಂದು ಟೂರ್ನಿ ಬಂದ್ರೆ ಯಾವುದಕ್ಕೆ ಹೋಗ್ಬೇಕು ಅನ್ನೋದು ಈಗ ಗೊತ್ತಾಯ್ತಲ್ಲ. ಇನ್ನು ದುಡ್ಡು ಕೊಟ್ರೆ "ನ್ಯಾಷನಲ್ ಸರ್ಟಿಫಿಕೇಟ್" ಕೊಡಿಸ್ತೀನಿ ಅನ್ನೋರು ಬಂದ್ರೆ, ಕೂಟ ನಡೆಸೋರು ಯಾರು, ಯಾವ ಫಾರಂ ಕೊಡ್ತಾರೆ ಅಂತ ಕೇಳಿ. ಉತ್ತರ ತಡವರಿಸಿದ್ರೆ ಅಂಗಡಿ ಶಟರ್ ಎಳೀರಿ.

ಕಾಲೇಜಲ್ಲಿ ಕೋಟಾ ಹೆಂಗೆ ನಡೆಯುತ್ತೆ

ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸಿಗೆ ಸಿಇಟಿ ಮೂಲಕ ಸೀಟು ಕೊಡೋದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅದರಲ್ಲಿ ಕ್ರೀಡಾ ಕೋಟಾ ಇದೆ. ಅರ್ಜಿ ಹಾಕೋವಾಗಲೇ ಆ ಕಾಲಂ ತುಂಬಬೇಕು, ಹೇಳಿದ ದಿನ ಮೂಲ ಸರ್ಟಿಫಿಕೇಟ್ ತೋರಿಸಬೇಕು. ಸೀಟು ಬೆರಳೆಣಿಕೆಯಷ್ಟು, ಆದರೆ ಅರ್ಜಿ ಹಾಕೋರು ಎಲ್ಲ ಆಟದೋರು. ಹಾಕಿಯ ಹುಡುಗ ಪೈಪೋಟಿ ಮಾಡೋದು ಹಾಕಿಯೋರ ಜೊತೆ ಮಾತ್ರ ಅಲ್ಲ. ಈಜಿನೋರು, ಶೂಟಿಂಗ್‌ನೋರು, ಚೆಸ್ಸಿನೋರೂ ಅದೇ ಸಾಲಲ್ಲಿ ನಿಂತಿರ್ತಾರೆ. ಬರೀ ತಾಲೂಕು, ಜಿಲ್ಲೆ ಕಾಗದ ಇಟ್ಕೊಂಡು ಆ ಸಾಲಿನ ಮುಂದೆ ಬರೋದು ಕಷ್ಟ. ನಿಯಮ ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ಇರುತ್ತೆ, ಅದನ್ನೇ ಓದಿ.

ಬಿ.ಎ., ಬಿ.ಕಾಂ. ಥರದ ಪದವಿಗೆ ದಾರಿ ಸ್ವಲ್ಪ ಸಲೀಸು. ಕೆಲವು ಸಂಸ್ಥೆಗಳು ಒಳ್ಳೆ ಆಟಗಾರರಿಗೆ ಫೀಸು, ಹಾಸ್ಟೆಲ್ ಬಿಟ್ಟುಕೊಡ್ತವೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಕ್ರೀಡಾ ದತ್ತು ಯೋಜನೆ ಇದಕ್ಕೆ ಹೆಸರುವಾಸಿ. ಆದರೆ ಯಾವ ಕಾಲೇಜಿಗೆ ಯಾವ ಆಟದ ತಂಡ ಬೇಕು ಅನ್ನೋದು ಆ ಕಾಲೇಜಿಗೆ ಬಿಟ್ಟಿದ್ದು. ಹಾಕಿ ತಂಡವೇ ಇಲ್ಲದ ಕಾಲೇಜಿಗೆ ಒಳ್ಳೆ ಗೋಲ್ ಕೀಪರ್ ಯಾಕೆ ಬೇಕು? ಅದಕ್ಕೆ ಪ್ರಾಂಶುಪಾಲರ ಕೊಠಡಿಗೆ ಹೋಗೋಕೆ ಮುಂಚೆ ಆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನ ಕಾಣಿ. "ಸರ್, ನಿಮ್ಮಲ್ಲಿ ಹಾಕಿ ತಂಡ ಇದ್ಯಾ? ಕಳೆದ ವರ್ಷ ಯೂನಿವರ್ಸಿಟಿಗೆ ಎಷ್ಟು ಜನ ಆಯ್ಕೆ ಆದ್ರು?" ಈ ಎರಡು ಪ್ರಶ್ನೆ ಸಾಕು.

ನಮ್ಮ ಕಡೆಯ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ಕೆಳಗೆ ಬರ್ತವೆ. ಅಂತರ ಕಾಲೇಜು ಕೂಟದಲ್ಲಿ ಚೆನ್ನಾಗಿ ಆಡಿದ್ರೆ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಕೂಟ. ಅದನ್ನ ನಡೆಸೋದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ವಯಸ್ಸು 17ರಿಂದ 25. ಮೇಲೆ ಹೇಳಿದ ಫಾರಂ 3 ಸಿಗೋದು ಈ ದಾರಿಯಲ್ಲಿ. ಶಾಲೆಯಲ್ಲಿ ಅವಕಾಶ ತಪ್ಪಿದೋರಿಗೆ ಇದು ಎರಡನೇ ಬಾಗಿಲು. ರೈಲ್ವೆ, ಪೊಲೀಸ್ ನೇಮಕಾತಿಗಳಲ್ಲಿ ಕ್ರೀಡಾ ಕೋಟಾ ಇರೋದ್ರಿಂದ ಇದನ್ನ ಸಣ್ಣದು ಅಂದ್ಕೋಬೇಡಿ.

ಅಮೆರಿಕದ ಮಾತೂ ಕೆಲವರು ಎತ್ತುತ್ತಾರೆ. ಅಲ್ಲಿ ಕಾಲೇಜು ಹಾಕಿ ದೊಡ್ಡದೇ, ಆದರೆ ಅಲ್ಲಿನ ಕಾಲೇಜುಗಳ ರಾಷ್ಟ್ರೀಯ ಹಾಕಿ ಪಂದ್ಯಾವಳಿ ಇರೋದು ಹುಡುಗಿಯರಿಗೆ ಮಾತ್ರ, 1981ರಿಂದ. ಕಾಲೇಜು ಕೋಚ್‌ಗಳೇ ಶಾಲೆ ಆಟಗಾರ್ತಿಯರ ವಿಡಿಯೊ ನೋಡಿ ಆರಿಸ್ತಾರೆ. ಇಲ್ಲಿ ಹಂಗಲ್ಲ. ನಿಮ್ಮ ಆಟ ನೋಡೋಕೆ ಯಾರೂ ಕುಕ್ಕುವಾಡಕ್ಕೆ ಬರಲ್ಲ, ನಿಮ್ಮ ಪರವಾಗಿ ಮಾತಾಡೋದು ಕಾಗದ.

ಸ್ಟಿಕ್ಕು, ನೆಲ ಮತ್ತು ಖರ್ಚು

ಹಾಕಿ ದುಬಾರಿ ಆಟಾನಾ? ಶುರುವಿಗೆ ಅಲ್ಲ. ಕಲಿಯೋ ಮಗುವಿಗೆ ಮರದ ಸ್ಟಿಕ್ ಸಾಕು, ಸಾವಿರ ರೂಪಾಯಿ ಆಸುಪಾಸಲ್ಲಿ ಸಿಗುತ್ತೆ. ನಮ್ಮ ದೇಶದ ಸ್ಟಿಕ್ಕುಗಳು ಹೆಚ್ಚಾಗಿ ತಯಾರಾಗೋದು ಪಂಜಾಬಿನ ಜಲಂಧರ್‌ನಲ್ಲಿ. ರಾಜ್ಯ ಮಟ್ಟಕ್ಕೆ ಹೋದಾಗ ಬೇಕಾಗೋ ಕಾಂಪೋಸಿಟ್ ಸ್ಟಿಕ್‌ಗೆ ಅದರ ಹಲವು ಪಟ್ಟು. ಎಲ್ಲಕ್ಕಿಂತ ದುಬಾರಿ ಗೋಲ್ ಕೀಪರ್ ಕಿಟ್. ಹೆಲ್ಮೆಟ್, ಪ್ಯಾಡ್, ಎದೆಗವಚ ಎಲ್ಲ ಸೇರಿ ಒಂದು ಮನೆಯೋರು ತರೋಕೆ ಆಗೋ ಮಾತಲ್ಲ. ಅದನ್ನ ತಂಡಕ್ಕೆ ಅಂತ ಒಂದೇ ತರ್ತಾರೆ. ಚೆಂಡು 156ರಿಂದ 163 ಗ್ರಾಂ, ಕಲ್ಲಿನ ಹಂಗೆ ಗಟ್ಟಿ. ಮೊಣಕಾಲ ಕೆಳಗಿನ ಶಿನ್ ಗಾರ್ಡ್, ಹಲ್ಲಿನ ಗಾರ್ಡ್ ಇಲ್ಲದೆ ಮಕ್ಕಳನ್ನ ಇಳಿಸಬೇಡಿ.

ಇನ್ನೊಂದು ಸಣ್ಣ ಸಂಗತಿ: ಎಡಗೈ ಸ್ಟಿಕ್ ಅಂತ ಹಾಕಿಯಲ್ಲಿ ಇಲ್ಲ. ಮಗು ಎಡಚ ಆಗಿದ್ರೂ ಎಲ್ಲರ ಥರದ ಸ್ಟಿಕ್ಕಲ್ಲೇ ಕಲೀಬೇಕು. ಕಲೀತಾರೆ, ಭಯ ಬೇಡ.

ನಿಜವಾದ ಕಷ್ಟ ನೆಲದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿಯೆಲ್ಲ ಟರ್ಫ್ ಮೇಲೆ. ಹುಲ್ಲಿನ ಮೇಲೆ ರಾಜರಾಗಿದ್ದ ನಮ್ಮ ದೇಶದ ತಂಡವೇ ಆ ಸಲ ಏಳನೇ ಸ್ಥಾನಕ್ಕೆ ಇಳೀತು. ಟರ್ಫ್ ಮೇಲೆ ಚೆಂಡು ಜಾರಿಕೊಂಡು ನೆಟ್ಟಗೆ, ಜೋರಾಗಿ ಬರುತ್ತೆ. ನಮ್ಮ ಹಳ್ಳಿ ಶಾಲೆಯ ಮಣ್ಣಿನ ಮೈದಾನದಲ್ಲಿ ಅದೇ ಚೆಂಡು ಕಲ್ಲಿಗೆ ತಾಗಿ ಎಗರುತ್ತೆ. ಮಣ್ಣಲ್ಲಿ ಕಲಿತ ಮಗು ಮೊದಲ ಸಲ ಟರ್ಫ್‌ಗೆ ಇಳಿದಾಗ ತಬ್ಬಿಬ್ಬಾಗೋದು ಸಹಜ. ಅದು ಮಗುವಿನ ತಪ್ಪಲ್ಲ. ಪೂರ್ತಿ ಟರ್ಫ್ ಅಂದ್ರೆ 91.4 ಮೀಟರ್ ಉದ್ದ, 55 ಮೀಟರ್ ಅಗಲ, ಕೋಟಿಗಳ ಲೆಕ್ಕ. ಅದನ್ನ ಊರೋರು ಮಾಡೋಕೆ ಆಗಲ್ಲ. ಆದರೆ ಮೈದಾನದ ಕಲ್ಲು ಆರಿಸಿ, ನೀರು ಹಾಕಿ, ರೋಲರ್ ಹೊಡೆಸೋದು ಊರಿನ ಕೈಲೇ ಇದೆ.

ಅಂಗಡಿಯೋರಿಗೆ ಒಂದು ಮಾತು

ನಮ್ಮ ತಾಲೂಕಲ್ಲಿ ಯಾವ ಟೂರ್ನಿ ನಡೆದ್ರೂ ಮೊದಲು ಚಂದಾ ಪುಸ್ತಕ ಬರೋದು ನಿಮ್ಮ ಗಲ್ಲಾದ ಹತ್ರ. ಕಪ್ಪಿಗೆ, ಫ್ಲೆಕ್ಸಿಗೆ, ಮೈಕಿಗೆ ಅಂತ ಕೊಡ್ತೀರಿ. ಫ್ಲೆಕ್ಸ್ ಮಳೆಗೆ ಹರಿದು ಹೋಗುತ್ತೆ, ಕಪ್ಪು ಸಂಘದ ಕಪಾಟಲ್ಲಿ ಧೂಳು ಹಿಡಿಯುತ್ತೆ. ಹತ್ತು ಅಂಗಡಿ ಸೇರಿ ಒಂದು ವರ್ಷ ಅದೇ ದುಡ್ಡನ್ನ ಶಾಲೆಯ ಹೆಸರಲ್ಲಿ ಸ್ಟಿಕ್ಕಿಗೆ ಕೊಟ್ರೆ ಒಂದು ತಂಡ ನಿಲ್ಲುತ್ತೆ. ಮಕ್ಕಳು ಪಾಸಾಗಿ ಹೋದ್ರೂ ಸ್ಟಿಕ್ ಶಾಲೆಯಲ್ಲೇ ಉಳಿಯುತ್ತೆ, ಮುಂದಿನ ವರ್ಷದೋರು ಹಿಡೀತಾರೆ.

ತಂಡ ಅಂತ ಒಂದು ಇದ್ರೆ ಮಾತ್ರ ತಾಲೂಕು ಕೂಟಕ್ಕೆ ಹೆಸರು ಕೊಡೋಕೆ ಆಗೋದು. ಹೆಸರು ಕೊಟ್ರೆ ಮಾತ್ರ ಮೊದಲ ಕಾಗದ. ಅಲ್ಲಿ ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ. ಎಂಟನೇ ಕ್ಲಾಸಿನ ಆಯ್ಕೆ ಹೊತ್ತಿಗೆ ಮಗುವಿಗೆ ಸ್ಟಿಕ್ ಹಿಡಿಯೋದಾದ್ರೂ ಗೊತ್ತಿರುತ್ತೆ.

ಆ ಅಣ್ಣನಿಗೆ ನಿನ್ನೆ ಇದನ್ನೆಲ್ಲ ಹೇಳಿದೆ. ಸುಮ್ನೆ ಕೇಳಿಸ್ಕೊಂಡು, "ಅಂದ್ರೆ ಸೀಟು ಗ್ಯಾರಂಟಿ ಇಲ್ಲ ಅನ್ನು" ಅಂದ್ರು. ಇಲ್ಲ ಅಣ್ಣ, ಗ್ಯಾರಂಟಿ ಇಲ್ಲ ಅಂದೆ. ಓದು ಬಿಡಿಸಬೇಡಿ, ಎರಡೂ ಜೊತೆಗೆ ನಡೀಲಿ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದ್ರು: "ಎಂಟನೇ ಕ್ಲಾಸಿನ ಆಯ್ಕೆ ಅಂದ್ಯಲ್ಲ, ಅದಕ್ಕೆ ಎಲ್ಲಿ ವಿಚಾರಿಸ್ಬೇಕು?"

ಅವರ ಮಗಳು ಈಗ ಏಳನೇ ಕ್ಲಾಸು. ಸಮಯ ಇನ್ನೂ ಇದೆ.